ನಿಸ್ತಂತು ಹೆಡ್‌ಫೋನ್, ಸ್ಪೀಕರ್ ಜೋಡಣೆ: ಪರಿಚಯ ಬೇರೆ, ಸಂಪರ್ಕ ಬೇರೆ

ಹೆಸರು ಬಹಿರಂಗಪಡಿಸಬಾರದೆಂಬ ಷರತ್ತಿನ ಮೇಲೆ ಮಾಹಿತಿ ನೀಡಲು ಒಪ್ಪಿದ್ದ ಅಧಿಕಾರಿಯೊಬ್ಬರು ಒಂದು ಸಂಜೆ ಈ ವರದಿಗಾರನಿಗೆ ಕರೆ ಮಾಡಿದರು. ಕೋಣೆಯ ಬಾಗಿಲು ಮುಚ್ಚಿ ಮೊಬೈಲನ್ನು ಕಿವಿಗೆ ಹಿಡಿದರೆ ಸದ್ದೇ ಇಲ್ಲ. ಎರಡು ಬಾರಿ ‘ಹಲೋ’ ಎಂದ ಮೇಲೆ ಕಾರಣ ತಿಳಿಯಿತು. ಅಧಿಕಾರಿಯ ಮಾತು ಹಜಾರದಲ್ಲಿ, ಮನೆಗೆ ಬಂದಿದ್ದ ನೆಂಟರ ನಡುವೆ, ಮೇಜಿನ ಮೇಲಿದ್ದ ಪುಟ್ಟ ಸ್ಪೀಕರಿನಿಂದ ಸ್ಪಷ್ಟವಾಗಿ ಹೊರಡುತ್ತಿತ್ತು. ಹಾಡು ಕೇಳುವ ಆಸೆಯಿಂದ ಮಗು ಸ್ಪೀಕರಿನ ಗುಂಡಿ ಒತ್ತಿತ್ತು. ವಾರದ ಹಿಂದೆ ಒಮ್ಮೆ ಪರಿಚಯವಾಗಿದ್ದ ಮೊಬೈಲನ್ನು ಸ್ಪೀಕರು ತಾನಾಗಿಯೇ ಹುಡುಕಿ ಸಂಪರ್ಕ ಸಾಧಿಸಿತ್ತು. ಯಾವ ಯಂತ್ರವೂ ಕೆಟ್ಟಿರಲಿಲ್ಲ. ಎರಡೂ ತಮಗೆ ಒಪ್ಪಿಸಿದ ಕೆಲಸವನ್ನೇ ಮಾಡಿದ್ದವು.

ತಂತಿಯಿದ್ದ ಕಾಲದಲ್ಲಿ ಧ್ವನಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ತಂತಿ ಹೋದ ಮೇಲೆ ಆ ದಾರಿ ಸಾಧನಗಳ ನೆನಪಿನಲ್ಲಿ ಅಡಗಿದೆ. ನಿಸ್ತಂತು ಹೆಡ್‌ಫೋನ್ ಹಾಗೂ ಸ್ಪೀಕರುಗಳನ್ನು ಕುರಿತ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಒಂದೇ ಗೊಂದಲದಿಂದ. ಎರಡು ಸಾಧನಗಳ ‘ಜೋಡಣೆ’ ಎಂದರೆ ಪರಿಚಯ. ಅದು ಒಮ್ಮೆ ಆದರೆ ಅಳಿಸುವವರೆಗೂ ಉಳಿಯುತ್ತದೆ. ‘ಸಂಪರ್ಕ’ ಎಂದರೆ ಮಾತುಕತೆ. ಅದು ಆಗಾಗ್ಗೆ ಆರಂಭವಾಗಿ ಆಗಾಗ್ಗೆ ಮುಗಿಯುತ್ತದೆ. ಈ ವ್ಯತ್ಯಾಸ ತಿಳಿದವರು ಬಹುತೇಕ ತೊಂದರೆಗಳನ್ನು ಮನೆಯಲ್ಲಿಯೇ ಬಗೆಹರಿಸಿಕೊಳ್ಳಬಲ್ಲರು. ಕೆಡದ ಸಾಧನವನ್ನು ದುರಸ್ತಿ ಅಂಗಡಿಗೆ ಹೊರುವ, ಇಲ್ಲವೇ ಎಸೆದು ಹೊಸದು ಕೊಳ್ಳುವ ಪ್ರಸಂಗವೂ ತಪ್ಪುತ್ತದೆ.

ಹೆಸರಿನ ಹಿಂದೆ ಒಬ್ಬ ಅರಸ

ಇಂದು ಮಾರುಕಟ್ಟೆಯಲ್ಲಿರುವ ನಿಸ್ತಂತು ಹೆಡ್‌ಫೋನುಗಳಲ್ಲಿ ಬಹುಪಾಲು ಬಳಸುವ ತಂತ್ರಜ್ಞಾನ ಬ್ಲೂಟೂತ್. ಸ್ವೀಡನ್ನಿನ ಲುಂಡ್ ನಗರದಲ್ಲಿ ಎರಿಕ್ಸನ್ ಕಂಪನಿಯ ಎಂಜಿನಿಯರುಗಳು 1994ರಲ್ಲಿ ಇದರ ಅಭಿವೃದ್ಧಿ ಆರಂಭಿಸಿದರು. ಮೊಬೈಲಿಗೂ ಅದರ ಉಪಸಾಧನಗಳಿಗೂ ನಡುವಿನ ತಂತಿಯನ್ನು ತೆಗೆದುಹಾಕುವುದು ಅವರ ಗುರಿಯಾಗಿತ್ತು. ಡಚ್ ಎಂಜಿನಿಯರ್ ಯಾಪ್ ಹಾರ್ಟ್‌ಸೆನ್ ಈ ಕಾರ್ಯದಲ್ಲಿ ಪ್ರಮುಖರು. 1998ರಲ್ಲಿ ಎರಿಕ್ಸನ್, ನೋಕಿಯಾ, ಐಬಿಎಂ, ಇಂಟೆಲ್ ಮತ್ತು ತೋಷಿಬಾ ಕಂಪನಿಗಳು ಸೇರಿ ಇದರ ಮಾನದಂಡ ರೂಪಿಸುವ ಒಕ್ಕೂಟವನ್ನು ಸ್ಥಾಪಿಸಿದವು. ಮರುವರ್ಷ, ಅಂದರೆ 1999ರಲ್ಲಿ, ಜನಬಳಕೆಗೆಂದು ಪ್ರದರ್ಶನಗೊಂಡ ಮೊದಲ ಬ್ಲೂಟೂತ್ ಸಾಧನವೇ ಕಿವಿಗೆ ಧರಿಸುವ ಹೆಡ್‌ಸೆಟ್ ಎಂಬುದು ಗಮನಾರ್ಹ.

ಹೆಸರು ಸೂಚಿಸಿದವರು ಇಂಟೆಲ್‌ನ ಜಿಮ್ ಕಾರ್ಡಾಕ್. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ, ಚದುರಿಹೋಗಿದ್ದ ಪ್ರಾಂತಗಳನ್ನು ಒಂದುಗೂಡಿಸಿದನೆಂದು ಖ್ಯಾತನಾದ ಅರಸ ಹರಾಲ್ಡ್‌ಗೆ ‘ನೀಲಿ ಹಲ್ಲಿನವ’ ಎಂಬ ಅಡ್ಡಹೆಸರಿತ್ತು. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಂದುಗೂಡಿಸುವ ತಂತ್ರಜ್ಞಾನಕ್ಕೆ ಆ ಹೆಸರು ತಾತ್ಕಾಲಿಕವಾಗಿ ಬಂದು ಖಾಯಮ್ಮಾಗಿ ಉಳಿಯಿತು. ಮೊಬೈಲಿನ ಪರದೆಯ ಮೇಲೆ ಕಾಣುವ ನೀಲಿ ಚಿಹ್ನೆಯೂ ಅವನ ಹೆಸರಿನ ಎರಡು ಮೊದಲಕ್ಷರಗಳನ್ನು ಪ್ರಾಚೀನ ರೂನ್ ಲಿಪಿಯಲ್ಲಿ ಬರೆದು ಬೆಸೆದದ್ದು.

ಅಲೆಗಳು ಸಾಗುವ ಬಗೆ

ಬ್ಲೂಟೂತ್ 2.4 ಗಿಗಾಹರ್ಟ್ಸ್ ಸುತ್ತಲಿನ ರೇಡಿಯೋ ಅಲೆಗಳನ್ನು ಬಳಸುತ್ತದೆ. ಭಾರತದಲ್ಲಿ 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳು ಪರವಾನಗಿಯಿಲ್ಲದೆ ಬಳಸಬಹುದೆಂದು ಕೇಂದ್ರ ಸರ್ಕಾರ 2005ರ ಜನವರಿಯಲ್ಲಿ ನಿಯಮ ಹೊರಡಿಸಿತು. ಪರವಾನಗಿ ಬೇಡವಾದ್ದರಿಂದ ಈ ಪಟ್ಟಿ ಸಂತೆಬೀದಿಯಂತೆ ಕಿಕ್ಕಿರಿದಿದೆ. ಮನೆಯ ವೈ-ಫೈ, ನಿಸ್ತಂತು ಮೌಸ್, ಕೀಲಿಮಣೆ ಎಲ್ಲವೂ ಇಲ್ಲಿಯೇ ಓಡಾಡುತ್ತವೆ. ಅಡುಗೆಮನೆಯ ಮೈಕ್ರೋವೇವ್ ಒಲೆಯಿಂದ ಸೋರುವ ಅಲ್ಪ ಪ್ರಮಾಣದ ಅಲೆಗಳೂ ಇದೇ ಪಟ್ಟಿಯವು.

ಈ ಗದ್ದಲದಲ್ಲಿ ಮಾತು ಕೇಳಿಸುವಂತೆ ಮಾಡಲು ಬ್ಲೂಟೂತ್ ಒಂದು ಉಪಾಯ ಹೂಡುತ್ತದೆ. ಪಟ್ಟಿಯನ್ನು ತಲಾ 1 ಮೆಗಾಹರ್ಟ್ಸ್ ಅಗಲದ 79 ಓಣಿಗಳನ್ನಾಗಿ ವಿಂಗಡಿಸಿ, ಸೆಕೆಂಡಿಗೆ 1600 ಬಾರಿ ಓಣಿಯಿಂದ ಓಣಿಗೆ ಜಿಗಿಯುತ್ತದೆ. ಯಾವ ಕ್ರಮದಲ್ಲಿ ಜಿಗಿಯಬೇಕೆಂಬುದು ಸಂಪರ್ಕದಲ್ಲಿರುವ ಸಾಧನಗಳಿಗೆ ಮಾತ್ರ ತಿಳಿದಿರುತ್ತದೆ. 2003ರಲ್ಲಿ ಬಂದ 1.2ನೇ ಆವೃತ್ತಿಯಿಂದೀಚೆಗೆ, ಗದ್ದಲ ಹೆಚ್ಚಿರುವ ಓಣಿಗಳನ್ನು ಗುರುತಿಸಿ ಅವನ್ನು ಬಿಟ್ಟು ಸಾಗುವ ಜಾಣ್ಮೆಯೂ ಸೇರಿದೆ.

ಮೊಬೈಲು, ಹೆಡ್‌ಫೋನುಗಳಲ್ಲಿ ಸಾಮಾನ್ಯವಾಗಿ ಬಳಸುವ ಶಕ್ತಿಗೆ ವ್ಯಾಪ್ತಿ ಸುಮಾರು 10 ಮೀಟರ್. ಇದು ತೆರೆದ ಜಾಗದ ಲೆಕ್ಕ. ಗೋಡೆ ಅಡ್ಡ ಬಂದರೆ ಕಡಿಮೆ. ನೀರು ಈ ಅಲೆಗಳನ್ನು ಹೀರುತ್ತದೆ. ಮನುಷ್ಯದೇಹದ ಬಹುಭಾಗ ನೀರೇ. ಮೊಬೈಲು ಪ್ಯಾಂಟಿನ ಹಿಂಜೇಬಿನಲ್ಲಿದ್ದಾಗ ಹಾಡು ತುಂಡು ತುಂಡಾಗಿ ಕೇಳುವುದಕ್ಕೆ ಇದೇ ಕಾರಣ. ಅಂಗಿಯ ಜೇಬಿಗೆ ಬದಲಾಯಿಸಿದರೆ ಎಷ್ಟೋ ವೇಳೆ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಮೂರು ಹಂತಗಳು: ಶೋಧ, ಜೋಡಣೆ, ಸಂಪರ್ಕ

ಮೊದಲನೆಯದು ಶೋಧ. ಹೆಡ್‌ಫೋನನ್ನು ‘ಪೇರಿಂಗ್’ ಸ್ಥಿತಿಗೆ ತಂದಾಗ ಅದು ತನ್ನ ಹೆಸರನ್ನು ಸುತ್ತಮುತ್ತ ಸಾರತೊಡಗುತ್ತದೆ. ಸುಮ್ಮನೆ ಚಾಲೂ ಮಾಡುವುದು ಬೇರೆ, ಪೇರಿಂಗ್ ಸ್ಥಿತಿಗೆ ತರುವುದು ಬೇರೆ. ಸಾಮಾನ್ಯವಾಗಿ ವಿದ್ಯುತ್ ಗುಂಡಿಯನ್ನೋ ಬ್ಲೂಟೂತ್ ಗುಂಡಿಯನ್ನೋ ಕೆಲವು ಸೆಕೆಂಡು ಒತ್ತಿ ಹಿಡಿದರೆ ದೀಪ ಬೇಗ ಬೇಗ ಮಿನುಗುತ್ತದೆ. ಡಬ್ಬಿಯೊಳಗೆ ಕೂರುವ ಜೋಡಿ ಇಯರ್‌ಬಡ್‌ಗಳಾದರೆ ಮುಚ್ಚಳ ತೆರೆದಿಟ್ಟು ಡಬ್ಬಿಯ ಗುಂಡಿ ಒತ್ತುವ ಕ್ರಮ ಹಲವು ಮಾದರಿಗಳಲ್ಲಿದೆ. ತಯಾರಕರಿಂದ ತಯಾರಕರಿಗೆ ಇದು ಬದಲಾಗುವುದರಿಂದ ಸಾಧನದೊಡನೆ ಬಂದ ಕೈಪಿಡಿಯನ್ನು ಜೋಪಾನವಾಗಿಡುವುದು ಒಳಿತು.

ಎರಡನೆಯದು ಜೋಡಣೆ. ಎರಡೂ ಸಾಧನಗಳು ಪರಸ್ಪರ ಒಪ್ಪಿ ಒಂದು ಗುಪ್ತ ಕೀಲಿಯನ್ನು ರಚಿಸಿಕೊಂಡು, ಅದನ್ನು ತಂತಮ್ಮ ನೆನಪಿನಲ್ಲಿ ಉಳಿಸಿಕೊಳ್ಳುತ್ತವೆ. ಹಳೆಯ ಸಾಧನಗಳಲ್ಲಿ ಇದಕ್ಕಾಗಿ 0000 ಅಥವಾ 1234 ಎಂಬ ಅಂಕಿಗಳನ್ನು ಒತ್ತಬೇಕಿತ್ತು. 2007ರ 2.1ನೇ ಆವೃತ್ತಿಯಿಂದ ಈ ಕ್ರಮ ಸರಳವಾಯಿತು. ಪರದೆಯಿರುವ ಎರಡು ಸಾಧನಗಳಾದರೆ ಆರಂಕಿಯ ಸಂಖ್ಯೆಯನ್ನು ಎರಡೂ ಕಡೆ ತೋರಿಸಿ ತಾಳೆ ನೋಡಲು ಕೇಳುತ್ತವೆ. ಹೆಡ್‌ಫೋನಿಗೆ ಪರದೆಯಿಲ್ಲ, ಆದ್ದರಿಂದ ಅಂಥ ತಾಳೆಯಿಲ್ಲದೆಯೇ ಜೋಡಣೆ ಆಗಿಬಿಡುತ್ತದೆ. ಈ ಅನುಕೂಲದ ಬೆಲೆಯೇನು ಎಂಬುದನ್ನು ಮುಂದೆ ನೋಡೋಣ.

ಮೂರನೆಯದು ಸಂಪರ್ಕ. ಪರಿಚಯವಿರುವ ಸಾಧನಗಳು ಎದುರಾದಾಗ ಹಳೆಯ ಕೀಲಿಯನ್ನೇ ಬಳಸಿ ಧ್ವನಿಯ ರವಾನೆ ಆರಂಭಿಸುತ್ತವೆ. ಹೆಡ್‌ಫೋನು ಚಾಲೂ ಆದೊಡನೆ ಸಾಮಾನ್ಯವಾಗಿ ಕೊನೆಯ ಬಾರಿ ಮಾತನಾಡಿದ ಸಾಧನವನ್ನೇ ಮೊದಲು ಹುಡುಕುತ್ತದೆ. ಹೊಸದಾಗಿ ಕೊಂಡ ಲ್ಯಾಪ್‌ಟಾಪಿಗೆ ಹೆಡ್‌ಫೋನು ಕಾಣಿಸದಿದ್ದರೆ ಅದು ಪಕ್ಕದ ಕೋಣೆಯಲ್ಲಿರುವ ಮೊಬೈಲಿನೊಡನೆ ಈಗಾಗಲೇ ಮಾತಿಗೆ ತೊಡಗಿರುವ ಸಾಧ್ಯತೆಯೇ ಹೆಚ್ಚು. ಆಗ ಮೊಬೈಲಿನ ಬ್ಲೂಟೂತನ್ನು ಕೆಲಹೊತ್ತು ನಿಲ್ಲಿಸಿ, ಹೆಡ್‌ಫೋನನ್ನು ಮತ್ತೆ ಪೇರಿಂಗ್ ಸ್ಥಿತಿಗೆ ತರಬೇಕು. ಏಕಕಾಲಕ್ಕೆ ಎರಡು ಸಾಧನಗಳೊಡನೆ ಸಂಪರ್ಕದಲ್ಲಿರಬಲ್ಲ ಹೆಡ್‌ಫೋನುಗಳೂ ಇವೆ. ಪೆಟ್ಟಿಗೆಯ ಮೇಲೆ ‘ಮಲ್ಟಿಪಾಯಿಂಟ್’ ಎಂದಿದ್ದರೆ ಆ ಸೌಲಭ್ಯ ಇದೆಯೆಂದು ತಿಳಿಯಬೇಕು.

ಮೊಬೈಲಿಗೆ ಜೋಡಿಸುವ ಕ್ರಮ

ಆಂಡ್ರಾಯ್ಡ್ ಮೊಬೈಲಿನಲ್ಲಿ ‘ಸೆಟ್ಟಿಂಗ್ಸ್’ ತೆರೆದು ‘ಕನೆಕ್ಟೆಡ್ ಡಿವೈಸಸ್’, ಬಳಿಕ ‘ಪೇರ್ ನ್ಯೂ ಡಿವೈಸ್’ ಆರಿಸಬೇಕು. ಸ್ಯಾಮ್‌ಸಂಗ್ ಮೊಬೈಲುಗಳಲ್ಲಿ ಇದು ‘ಕನೆಕ್ಷನ್ಸ್’ ವಿಭಾಗದ ‘ಬ್ಲೂಟೂತ್’ ಪುಟದಲ್ಲಿದೆ. ಪಟ್ಟಿಯಲ್ಲಿ ಹೆಡ್‌ಫೋನಿನ ಹೆಸರು ಕಂಡಾಗ ಅದನ್ನು ಒತ್ತಿದರೆ ಸಾಕು. ಐಫೋನಿನಲ್ಲಿ ‘ಸೆಟ್ಟಿಂಗ್ಸ್’ನ ‘ಬ್ಲೂಟೂತ್’ ಪುಟದಲ್ಲಿ ‘ಅದರ್ ಡಿವೈಸಸ್’ ಎಂಬ ಶೀರ್ಷಿಕೆಯಡಿ ಹೊಸ ಸಾಧನಗಳು ಕಾಣಿಸುತ್ತವೆ. ಹೆಡ್‌ಫೋನನ್ನು ಹತ್ತಿರ ತಂದೊಡನೆ ಪರದೆಯ ಮೇಲೆ ತಾನಾಗಿ ಚೌಕವೊಂದು ಮೂಡಿ ‘ಜೋಡಿಸಬೇಕೇ?’ ಎಂದು ಕೇಳುವ ವ್ಯವಸ್ಥೆಯೂ ಹಲವು ಹೊಸ ಮಾದರಿಗಳಲ್ಲಿದೆ.

ಜೋಡಣೆಯಾದ ಮೇಲೆ ಬಹುತೇಕರು ನೋಡದೇ ಬಿಡುವ ಪುಟವೊಂದಿದೆ. ಆಂಡ್ರಾಯ್ಡ್‌ನಲ್ಲಿ ಹೆಡ್‌ಫೋನಿನ ಹೆಸರಿನ ಪಕ್ಕದ ಹಲ್ಲುಚಕ್ರದ ಚಿಹ್ನೆ ಒತ್ತಿದರೆ ‘ಫೋನ್ ಕಾಲ್ಸ್’, ‘ಮೀಡಿಯಾ ಆಡಿಯೋ’ ಎಂಬ ಪ್ರತ್ಯೇಕ ಸ್ವಿಚ್ಚುಗಳಿರುತ್ತವೆ. ಹಜಾರದ ಸ್ಪೀಕರಿನಲ್ಲಿ ಹಾಡು ಮಾತ್ರ ಕೇಳಬೇಕು, ಕರೆ ಬರಬಾರದು ಎಂದಾದರೆ ಮೊದಲನೆಯದನ್ನು ನಿಲ್ಲಿಸಿ ಎರಡನೆಯದನ್ನು ಉಳಿಸಬೇಕು. ಆರಂಭದಲ್ಲಿ ಹೇಳಿದ ಪ್ರಸಂಗ ಈ ಒಂದು ಸ್ವಿಚ್ಚಿನಿಂದ ತಪ್ಪುತ್ತಿತ್ತು. ಐಫೋನಿನಲ್ಲಿ ‘ಆಕ್ಸೆಸಿಬಿಲಿಟಿ’ ವಿಭಾಗದ ‘ಟಚ್’ ಪುಟದಲ್ಲಿ ‘ಕಾಲ್ ಆಡಿಯೋ ರೂಟಿಂಗ್’ ಎಂಬ ಆಯ್ಕೆಯಿದ್ದು, ಕರೆಯ ಧ್ವನಿ ಎಲ್ಲಿ ಹೊರಡಬೇಕೆಂಬುದನ್ನು ಅಲ್ಲಿ ನಿಗದಿಪಡಿಸಬಹುದು. ಕರೆಯ ನಡುವೆಯೇ ಬದಲಾಯಿಸಬೇಕಾದರೆ ಪರದೆಯ ಮೇಲಿನ ‘ಸ್ಪೀಕರ್’ ಅಥವಾ ‘ಆಡಿಯೋ’ ಗುಂಡಿ ಒತ್ತಿ ಮೊಬೈಲಿನ ಹೆಸರನ್ನು ಆರಿಸಬೇಕು.

ಗಣಕಕ್ಕೆ ಜೋಡಿಸುವ ಕ್ರಮ

ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಬ್ಲೂಟೂತ್ ಅಂತರ್ಗತವಾಗಿರುತ್ತದೆ. ಮೇಜಿನ ಮೇಲಿಡುವ ಗಣಕಗಳಲ್ಲಿ ಅನೇಕವಕ್ಕೆ ಇರುವುದಿಲ್ಲ. ಬೆರಳ ತುದಿಯಷ್ಟಿರುವ ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸಿದರೆ ಆ ಕೊರತೆ ನೀಗುತ್ತದೆ.

ವಿಂಡೋಸ್ 11ರಲ್ಲಿ ‘ಸೆಟ್ಟಿಂಗ್ಸ್’ ತೆರೆದು ‘ಬ್ಲೂಟೂತ್ ಅಂಡ್ ಡಿವೈಸಸ್’, ‘ಆಡ್ ಡಿವೈಸ್’, ‘ಬ್ಲೂಟೂತ್’ ಎಂಬ ಕ್ರಮದಲ್ಲಿ ಸಾಗಬೇಕು. ವಿಂಡೋಸ್ 10ರಲ್ಲಿ ಇದು ‘ಡಿವೈಸಸ್’ ವಿಭಾಗದಲ್ಲಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುವುದನ್ನು ಅದರ ಬಳಕೆದಾರರು ಗಮನದಲ್ಲಿಡಬೇಕು. ಆಪಲ್ ಗಣಕಗಳಲ್ಲಿ ‘ಸಿಸ್ಟಮ್ ಸೆಟ್ಟಿಂಗ್ಸ್’ನ ‘ಬ್ಲೂಟೂತ್’ ಪುಟದಲ್ಲಿ ಸಮೀಪದ ಸಾಧನಗಳ ಪಟ್ಟಿಯಿದ್ದು, ‘ಕನೆಕ್ಟ್’ ಒತ್ತಿದರೆ ಕೆಲಸ ಮುಗಿಯಿತು. ಲಿನಕ್ಸ್ ಬಳಸುವವರಿಗೆ ಉಬುಂಟುವಿನಂಥ ವಿತರಣೆಗಳಲ್ಲಿ ‘ಸೆಟ್ಟಿಂಗ್ಸ್’ನೊಳಗೇ ಬ್ಲೂಟೂತ್ ಪುಟವಿದೆ.

ಜೋಡಣೆಯಾಗಿ ‘ಕನೆಕ್ಟೆಡ್’ ಎಂದು ತೋರಿಸಿದರೂ ಸದ್ದು ಲ್ಯಾಪ್‌ಟಾಪಿನಿಂದಲೇ ಹೊರಡುವುದುಂಟು. ಗಣಕಕ್ಕೆ ಹಲವು ಧ್ವನಿಮಾರ್ಗಗಳಿದ್ದು, ಅದು ಹಳೆಯದನ್ನೇ ಹಿಡಿದಿರುತ್ತದೆ ಎಂಬುದಷ್ಟೇ ಇದರರ್ಥ. ವಿಂಡೋಸ್‌ನಲ್ಲಿ ಪರದೆಯ ಕೆಳಬಲ ಮೂಲೆಯ ಸ್ಪೀಕರ್ ಚಿಹ್ನೆ ಒತ್ತಿ ಹೆಡ್‌ಫೋನಿನ ಹೆಸರನ್ನು ಆರಿಸಬೇಕು. ಆಪಲ್ ಗಣಕದಲ್ಲಿ ‘ಸೌಂಡ್’ ಪುಟದ ‘ಔಟ್‌ಪುಟ್’ ವಿಭಾಗದಲ್ಲಿ ಇದೇ ಕೆಲಸ ಮಾಡಬಹುದು. ಜೂಮ್, ಗೂಗಲ್ ಮೀಟ್ ಮುಂತಾದ ಸಭಾ ತಂತ್ರಾಂಶಗಳು ತಮ್ಮದೇ ಪ್ರತ್ಯೇಕ ಆಯ್ಕೆ ಇಟ್ಟುಕೊಂಡಿರುತ್ತವೆ. ಸಂದರ್ಶನಕ್ಕೋ ಪರೀಕ್ಷೆಗೋ ಕೂರುವ ಮುನ್ನ ಅಲ್ಲಿಯೂ ಒಮ್ಮೆ ಪರಿಶೀಲಿಸುವುದು ಕ್ಷೇಮ.

ಹಾಡು ಇಂಪು, ಕರೆ ಮಾತ್ರ ಒರಟು: ಏಕೆ?

ಹಾಡು ಕೇಳುವಾಗ ಸೊಗಸಾಗಿದ್ದ ಹೆಡ್‌ಫೋನು ಆನ್‌ಲೈನ್ ಸಭೆ ಆರಂಭವಾದೊಡನೆ ಹಳೆಯ ಸ್ಥಿರದೂರವಾಣಿಯಂತೆ ಕೇಳಿಸತೊಡಗುತ್ತದೆ. ಸಾಧನ ನಕಲಿಯೆಂದು ಅಂಗಡಿಯವರೊಡನೆ ಜಗಳಕ್ಕೆ ಇಳಿಯುವವರೂ ಇದ್ದಾರೆ. ಇದು ದೋಷವಲ್ಲ, ಬ್ಲೂಟೂತಿನ ರಚನೆಯಲ್ಲಿಯೇ ಇರುವ ಮಿತಿ.

ಸಾಂಪ್ರದಾಯಿಕ ಬ್ಲೂಟೂತಿನಲ್ಲಿ ಸಂಗೀತಕ್ಕೊಂದು ಮಾರ್ಗ, ಕರೆಗೊಂದು ಮಾರ್ಗ. ಸಂಗೀತದ ಮಾರ್ಗ ಏಕಮುಖಿ. ಇಡೀ ದಾರಿ ಒಂದೇ ದಿಕ್ಕಿಗೆ ಮೀಸಲಾದ್ದರಿಂದ ಎಡ ಬಲ ಎರಡೂ ಧ್ವನಿಗಳು ಉತ್ತಮ ಗುಣಮಟ್ಟದಲ್ಲಿ ಸಾಗುತ್ತವೆ. ಕರೆಯ ಮಾರ್ಗ ದ್ವಿಮುಖಿ. ಮೈಕಿನ ಧ್ವನಿಯೂ ಹಿಂದಿರುಗಿ ಬರಬೇಕು. ಸಿ.ಡಿ.ಯಲ್ಲಿ ಸೆಕೆಂಡಿಗೆ ಧ್ವನಿಯ 44,100 ಮಾದರಿಗಳಿದ್ದರೆ ಕರೆಯ ಹಳೆಯ ಮಾರ್ಗದಲ್ಲಿ 8,000, ಸುಧಾರಿತ ಮಾರ್ಗದಲ್ಲಿ 16,000 ಮಾತ್ರ. ಹೆಡ್‌ಫೋನಿನ ಮೈಕ್ ತೆರೆದೊಡನೆ ಗಣಕವು ಸಂಗೀತದ ಮಾರ್ಗ ಬಿಟ್ಟು ಕರೆಯ ಮಾರ್ಗಕ್ಕೆ ಇಳಿಯುತ್ತದೆ.

ಪರಿಹಾರ ಸುಲಭ. ಸಭಾ ತಂತ್ರಾಂಶದ ‘ಮೈಕ್ರೋಫೋನ್’ ಆಯ್ಕೆಯಲ್ಲಿ ಹೆಡ್‌ಫೋನಿನ ಬದಲು ಲ್ಯಾಪ್‌ಟಾಪಿನದೇ ಮೈಕನ್ನು ಆರಿಸಿದರೆ ಕೇಳುವ ಧ್ವನಿ ಸಂಗೀತದ ಮಾರ್ಗದಲ್ಲಿಯೇ ಉಳಿಯುತ್ತದೆ. ಗದ್ದಲವಿಲ್ಲದ ಕೋಣೆಯಲ್ಲಿ ಕುಳಿತವರಿಗೆ ಇದು ಉತ್ತಮ ವಿಧಾನ.

ಜಾಹೀರಾತಿನಲ್ಲಿ ಕಾಣುವ ಕೋಡೆಕ್‌ಗಳ ಹೆಸರಿನ ಬಗ್ಗೆಯೂ ಒಂದು ಮಾತು. ಧ್ವನಿಯನ್ನು ಕುಗ್ಗಿಸಿ ಕಳಿಸುವ ಗಣಿತ ವಿಧಾನವೇ ಕೋಡೆಕ್. ಸಾಂಪ್ರದಾಯಿಕ ಬ್ಲೂಟೂತ್ ಸಂಗೀತ ಸಾಧನಗಳೆಲ್ಲ ಕಡ್ಡಾಯವಾಗಿ ಬಲ್ಲುದು ಎಸ್‌ಬಿಸಿ. ಅದರ ಉತ್ತಮ ಮಟ್ಟದ ವೇಗ ಸೆಕೆಂಡಿಗೆ 328 ಕಿಲೋಬಿಟ್. ಎಎಸಿ, ಕ್ವಾಲ್‌ಕಾಮ್‌ನ ಆಪ್ಟ್‌ಎಕ್ಸ್, ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಸಾಗಬಲ್ಲ ಸೋನಿಯ ಎಲ್‌ಡ್ಯಾಕ್ ಇತರ ವಿಧಾನಗಳು. ಎರಡೂ ಕಡೆ ಒಂದೇ ಕೋಡೆಕ್ ತಿಳಿದಿದ್ದರಷ್ಟೇ ಅದು ಬಳಕೆಗೆ ಬರುತ್ತದೆ. ಐಫೋನುಗಳು ಆಪ್ಟ್‌ಎಕ್ಸ್ ಆಗಲಿ ಎಲ್‌ಡ್ಯಾಕ್ ಆಗಲಿ ಬಳಸುವುದಿಲ್ಲ. ಐಫೋನ್ ಉಳ್ಳವರು ಆ ಹೆಸರುಗಳಿಗಾಗಿ ಹೆಚ್ಚು ಹಣ ತೆತ್ತರೆ ಪ್ರಯೋಜನವಿಲ್ಲ.

ಸಾಮಾನ್ಯ ತೊಂದರೆಗಳು, ಸರಳ ಪರಿಹಾರಗಳು

ಹೆಸರು ಕಾಣುತ್ತದೆ, ಸಂಪರ್ಕವಾಗುವುದಿಲ್ಲ: ಒಂದು ಕಡೆ ಕೀಲಿ ಅಳಿದು ಇನ್ನೊಂದು ಕಡೆ ಉಳಿದಾಗ ಹೀಗಾಗುತ್ತದೆ. ಒಬ್ಬರಿಗೆ ಪರಿಚಯ ನೆನಪಿದ್ದು ಇನ್ನೊಬ್ಬರು ಮರೆತ ಸ್ಥಿತಿಯಿದು. ಮೊಬೈಲಿನಲ್ಲಿ ‘ಫರ್ಗೆಟ್’ ಒತ್ತಿ ಹಳೆಯ ಜೋಡಣೆ ಅಳಿಸಬೇಕು. ಹೆಡ್‌ಫೋನನ್ನೂ ಕೈಪಿಡಿಯಲ್ಲಿ ಹೇಳಿದಂತೆ ‘ರೀಸೆಟ್’ ಮಾಡಿ ಹೊಸದಾಗಿ ಜೋಡಿಸಬೇಕು. ಒಂದೇ ಕಡೆ ಅಳಿಸಿದರೆ ಸಾಲದು.

ಒಂದೇ ಕಿವಿಯಲ್ಲಿ ಸದ್ದು: ಜೋಡಿ ಇಯರ್‌ಬಡ್‌ಗಳಲ್ಲಿ ಒಂದು ಚಾರ್ಜ್ ಆಗದಿರುವುದು ಸಾಮಾನ್ಯ ಕಾರಣ. ಬಡ್ ಮತ್ತು ಡಬ್ಬಿಯ ಲೋಹದ ಬಿಂದುಗಳಲ್ಲಿ ಬೆವರು, ಕಿವಿಯ ಗುಗ್ಗೆ ಅಂಟಿರುತ್ತದೆ. ಒಣ ಹತ್ತಿಬಟ್ಟೆಯಿಂದ ಒರೆಸಿ, ಎರಡನ್ನೂ ಡಬ್ಬಿಯಲ್ಲಿ ಕೂರಿಸಿ ದೀಪ ಹೊತ್ತುವುದನ್ನು ಗಮನಿಸಬೇಕು.

ಸದ್ದು ತುಂಡಾಗುತ್ತದೆ: ಮನೆಯ ವೈ-ಫೈ ರೂಟರಿನಲ್ಲಿ 5 ಗಿಗಾಹರ್ಟ್ಸ್ ಸೌಲಭ್ಯವಿದ್ದರೆ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ 2.4ರ ಗದ್ದಲ ತಗ್ಗಿಸಬಹುದು. ಗಣಕಕ್ಕೆ ಯುಎಸ್‌ಬಿ ಅಡಾಪ್ಟರ್ ಹಾಕಿದ್ದರೆ ಅದರ ಪಕ್ಕದ ಕಿಂಡಿಯನ್ನು ಗಮನಿಸಿ. ವೇಗದ ಯುಎಸ್‌ಬಿ 3.0 ಸಾಧನಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಅಡಚಣೆ ಉಂಟುಮಾಡುತ್ತವೆಂದು ಇಂಟೆಲ್ 2012ರಲ್ಲಿಯೇ ಪ್ರಕಟಿಸಿತ್ತು. ಅಡಾಪ್ಟರನ್ನು ಬಾಹ್ಯ ಹಾರ್ಡ್‌ಡಿಸ್ಕಿನಿಂದ ದೂರದ ಕಿಂಡಿಗೋ ಚಿಕ್ಕ ಎಕ್ಸ್‌ಟೆನ್ಷನ್ ತಂತಿಗೋ ವರ್ಗಾಯಿಸಿದರೆ ಗುಣ ಕಾಣುತ್ತದೆ.

ತುಟಿ ಮುಂದೆ, ಮಾತು ಹಿಂದೆ: ಧ್ವನಿಯನ್ನು ಕುಗ್ಗಿಸಿ, ಕಳಿಸಿ, ಬಿಡಿಸುವುದಕ್ಕೆ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡು ಹಿಡಿಯುತ್ತದೆ. ಅನೇಕ ಚಲನಚಿತ್ರ ತಂತ್ರಾಂಶಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸುತ್ತವೆ. ಆಟಗಳಲ್ಲಿ ಅದು ಸಾಧ್ಯವಿಲ್ಲ. ಗಣಕದಲ್ಲಿ ಆಟವಾಡುವವರು, ಸಂಗೀತ ಧ್ವನಿಮುದ್ರಿಸುವವರು ಇಂದಿಗೂ ತಂತಿಯನ್ನೇ ನಚ್ಚುವುದು ಇದರಿಂದ.

ಪರಿಚಯ ಅಳಿಸುವುದೂ ಅಗತ್ಯ

ಜೋಡಣೆಗೆ ತಾಳೆಯ ಸಂಖ್ಯೆ ಬೇಡವೆಂಬ ಅನುಕೂಲದ ಇನ್ನೊಂದು ಮುಖ ಇಲ್ಲಿದೆ. ಹೆಡ್‌ಫೋನು ಪೇರಿಂಗ್ ಸ್ಥಿತಿಯಲ್ಲಿರುವಷ್ಟು ಹೊತ್ತು ಅದು ಯಾರ ಮೊಬೈಲನ್ನು ಬೇಕಾದರೂ ಒಪ್ಪಿಕೊಳ್ಳಬಹುದು. ಪರಿಚಯದ ಮೊಬೈಲು ಸಿಗದಿದ್ದರೆ ತಾನಾಗಿಯೇ ಪೇರಿಂಗ್ ಸ್ಥಿತಿಗೆ ಹೋಗುವ ಸ್ಪೀಕರುಗಳೂ ಇವೆ. ಅಪಾರ್ಟ್‌ಮೆಂಟುಗಳಲ್ಲಿ ಪಕ್ಕದ ಮನೆಯ ಹಾಡು ನಮ್ಮ ಸ್ಪೀಕರಿನಲ್ಲಿ ಮೊಳಗುವುದು ಹೀಗೆ. ಅದು ನಗುವ ಸಂಗತಿಯಾದರೂ, ಮೈಕ್ ಉಳ್ಳ ಸಾಧನವಾದರೆ ವಿಷಯ ಗಂಭೀರ: ಜೋಡಿಸಿಕೊಂಡವರಿಗೆ ಆ ಮೈಕಿನ ಮೂಲಕ ಕೋಣೆಯ ಮಾತು ಕೇಳುವ ಅವಕಾಶ ದೊರೆಯುತ್ತದೆ. ಹೊಸ ಸಾಧನವನ್ನು ಮನೆಯಲ್ಲಿ ಜೋಡಿಸಿ, ಬಸ್ ನಿಲ್ದಾಣ, ಹೋಟೆಲುಗಳಂಥ ಜನನಿಬಿಡ ಜಾಗದಲ್ಲಿ ಪೇರಿಂಗ್ ಸ್ಥಿತಿ ಬಳಸದಿರುವುದು ಉತ್ತಮ. ಬಳಸದ ಸ್ಪೀಕರನ್ನು ಆರಿಸಿಡಬೇಕು.

ಕೀಲಿಯ ಬಲದಲ್ಲಿಯೂ ಲೋಪಗಳು ಕಂಡುಬಂದದ್ದುಂಟು. ಸಂಪರ್ಕದ ಗುಪ್ತಲಿಪಿಯ ಕೀಲಿಯನ್ನು ಒಂದು ಬೈಟ್‌ನಷ್ಟು ದುರ್ಬಲಗೊಳಿಸಬಹುದೆಂದು 2019ರಲ್ಲಿ ಸಂಶೋಧಕರು ತೋರಿಸಿದರು. ‘ನಾಬ್’ ಎಂದು ಹೆಸರಾದ ಆ ದಾಳಿಯ ಬಳಿಕ ಕನಿಷ್ಠ ಏಳು ಬೈಟ್‌ಗಳ ಕೀಲಿ ಬಳಸುವಂತೆ ಬ್ಲೂಟೂತ್ ಒಕ್ಕೂಟ ತನ್ನ ಶಿಫಾರಸನ್ನು ತಿದ್ದಿತು. ಇಂಥ ತಿದ್ದುಪಡಿಗಳು ನಮ್ಮ ಸಾಧನಗಳನ್ನು ತಲುಪುವುದು ತಂತ್ರಾಂಶ ನವೀಕರಣದ ಮೂಲಕ. ಮೊಬೈಲಿನಂತೆಯೇ ಹೆಡ್‌ಫೋನಿಗೂ ನವೀಕರಣ ಬರುತ್ತದೆಂಬುದು ಅನೇಕರಿಗೆ ತಿಳಿದಿಲ್ಲ. ತಯಾರಕರ ಆ್ಯಪ್‌ನಲ್ಲಿ ಅದನ್ನು ಕಾಣಬಹುದು.

ಸಾಧನ ಕೈಬದಲಾಗುವಾಗ ಹೆಚ್ಚಿನ ಎಚ್ಚರ ಬೇಕು. ಹೆಡ್‌ಫೋನನ್ನು ಮಾರುವ, ದಾನ ಮಾಡುವ ಮುನ್ನ ರೀಸೆಟ್ ಮಾಡಿ ಅದರ ನೆನಪನ್ನು ಅಳಿಸಬೇಕು. ಕಳೆದುಹೋದರೆ ಮೊಬೈಲಿನ ಪಟ್ಟಿಯಿಂದ ಅದರ ಹೆಸರು ತೆಗೆಯಬೇಕು. ಬಾಡಿಗೆ ಕಾರಿನ ಸ್ಪೀಕರಿಗೆ ಮೊಬೈಲು ಜೋಡಿಸುವವರಂತೂ ಇದನ್ನು ಮರೆಯಲೇಬಾರದು. ಜೋಡಣೆಯ ವೇಳೆ ‘ಕಾಂಟ್ಯಾಕ್ಟ್ಸ್’ ಹಂಚಿಕೊಳ್ಳಲು ಒಪ್ಪಿದರೆ ನಮ್ಮ ದೂರವಾಣಿ ಪಟ್ಟಿ, ಕರೆಗಳ ವಿವರ ಕಾರಿನ ನೆನಪಿಗೆ ಇಳಿಯುತ್ತವೆ. ಅನುಮತಿ ಕೇಳಿದಾಗ ನಿರಾಕರಿಸುವುದು, ಇಳಿಯುವ ಮುನ್ನ ಕಾರಿನ ಪರದೆಯಿಂದಲೂ ನಮ್ಮ ಮೊಬೈಲಿನ ಹೆಸರನ್ನು ಅಳಿಸುವುದು ಸೂಕ್ತ.

ಕಿವಿಯ ಲೆಕ್ಕ

ತಂತಿ ಹೋದ ಮೇಲೆ ಹೆಡ್‌ಫೋನು ಕಿವಿಯಿಂದ ಇಳಿಯುವ ಸಂದರ್ಭಗಳೇ ಕಡಿಮೆಯಾಗಿವೆ. ಜಗತ್ತಿನಾದ್ಯಂತ ನೂರು ಕೋಟಿಗೂ ಹೆಚ್ಚು ಯುವಜನರು ಅಸುರಕ್ಷಿತ ಶ್ರವಣ ಅಭ್ಯಾಸದಿಂದ ಕೇಳುವ ಶಕ್ತಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಸಂಸ್ಥೆಯ ಸೂತ್ರದಂತೆ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ. 90 ಡೆಸಿಬೆಲ್ ತಲುಪಿದರೆ ವಾರಕ್ಕೆ ಸುಮಾರು 4 ಗಂಟೆ ಮಾತ್ರ. ಬಸ್ಸಿನ ಗದ್ದಲವನ್ನು ಮೀರಿಸಲು ಧ್ವನಿ ಏರಿಸುತ್ತ ಹೋಗುವ ಪ್ರಯಾಣಿಕರು ಈ ಮಿತಿಯನ್ನು ತಿಳಿಯದೆಯೇ ದಾಟುತ್ತಾರೆ. ಕಿವಿಗೆ ಸರಿಯಾಗಿ ಕೂರುವ, ಹೊರಗಿನ ಸದ್ದು ತಡೆಯುವ ಹೆಡ್‌ಫೋನಿನಲ್ಲಿ ಕಡಿಮೆ ಧ್ವನಿಯೇ ಸಾಕಾಗುತ್ತದೆ. ಆದರೆ ರಸ್ತೆ ದಾಟುವಾಗ, ವಾಹನ ಚಲಾಯಿಸುವಾಗ ಅದೇ ಗುಣ ಅಪಾಯಕಾರಿ.

ಕಿವಿಯಲ್ಲಿ ಗುಂಯ್‌ಗುಡುವ ಸದ್ದು ನಿಲ್ಲದಿದ್ದರೆ, ಎದುರಿನವರ ಮಾತು ಮಸುಕಾಗಿ ಕೇಳಿದರೆ ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಯ ಸೌಲಭ್ಯವಿದೆ.

ಮುಂದಿನ ಹೆಜ್ಜೆ

2020ರ ಜನವರಿಯಲ್ಲಿ ಬ್ಲೂಟೂತ್ ಒಕ್ಕೂಟ ‘ಎಲ್‌ಇ ಆಡಿಯೋ’ ಎಂಬ ಹೊಸ ವ್ಯವಸ್ಥೆಯನ್ನು ಪ್ರಕಟಿಸಿತು. ಎಲ್‌ಸಿ3 ಎಂಬ ಹೊಸ ಕೋಡೆಕ್ ಬಳಸುವ ಇದು ಕಡಿಮೆ ವಿದ್ಯುತ್ತಿನಲ್ಲಿ ಉತ್ತಮ ಧ್ವನಿ ನೀಡುತ್ತದೆ. ಕರೆಯ ಮಾರ್ಗದ ಹಳೆಯ ಇಕ್ಕಟ್ಟನ್ನೂ ಸಡಿಲಿಸಬಲ್ಲುದು. 2022ರಲ್ಲಿ ‘ಆರಾಕಾಸ್ಟ್’ ಎಂದು ಹೆಸರಿಟ್ಟ ಇದರ ಇನ್ನೊಂದು ಅಂಗದಿಂದ ಒಂದೇ ಮೂಲದ ಧ್ವನಿಯನ್ನು ಸುತ್ತಲಿನ ಅನೇಕ ಹೆಡ್‌ಫೋನುಗಳು ಬಾನುಲಿ ಕೇಳಿದಂತೆ ಕೇಳಬಹುದು. ನಿಲ್ದಾಣದ ಪ್ರಕಟಣೆ, ಸಭಾಂಗಣದ ಭಾಷಣಗಳು ನೇರವಾಗಿ ಶ್ರವಣಯಂತ್ರ ಧರಿಸಿದವರ ಕಿವಿ ತಲುಪಬಲ್ಲವು ಎಂಬುದು ಇದರ ದೊಡ್ಡ ಭರವಸೆ. ಆದರೆ ಕಳಿಸುವ ಸಾಧನ, ಕೇಳುವ ಸಾಧನ ಎರಡಕ್ಕೂ ಈ ಸೌಲಭ್ಯ ಇರಬೇಕು. ಹೊಸ ಹೆಡ್‌ಫೋನ್ ಕೊಳ್ಳುವವರು ಪೆಟ್ಟಿಗೆಯ ಮೇಲಿನ ಆವೃತ್ತಿ ಸಂಖ್ಯೆಯನ್ನಷ್ಟೇ ನಂಬದೆ ‘ಎಲ್‌ಇ ಆಡಿಯೋ’ ಎಂಬ ಉಲ್ಲೇಖವಿದೆಯೇ ಎಂದು ನೋಡುವುದು ಲೇಸು.

ತಂತ್ರಜ್ಞಾನ ಎಷ್ಟೇ ಮುಂದುವರಿದರೂ ಬಳಕೆದಾರರ ಪಾಲಿನ ಕೆಲಸ ಉಳಿದೇ ಇರುತ್ತದೆ. ನಿಮ್ಮ ಮೊಬೈಲಿನ ಬ್ಲೂಟೂತ್ ಪುಟವನ್ನು ಇಂದೇ ಒಮ್ಮೆ ತೆರೆದು ನೋಡಿ. ಹಿಂದೆಂದೋ ಹತ್ತಿದ ಕಾರು, ಸ್ನೇಹಿತರ ಮನೆಯ ಸ್ಪೀಕರು, ಎಲ್ಲಿಯೋ ಕಳೆದ ಇಯರ್‌ಬಡ್ ಅಲ್ಲಿ ಇನ್ನೂ ಪರಿಚಿತರಾಗಿ ಕುಳಿತಿರಬಹುದು. ಬೇಡವಾದವನ್ನು ಅಳಿಸಿ, ಬೇಕಾದವುಗಳಲ್ಲಿ ಕರೆ ಯಾವುದಕ್ಕೆ, ಹಾಡು ಯಾವುದಕ್ಕೆ ಎಂದು ನಿಗದಿ ಮಾಡಿ. ಐದು ನಿಮಿಷದ ಕೆಲಸ. ಗುಟ್ಟಾಗಿ ಹೇಳಲೆಂದು ಒಬ್ಬರು ನಿಮಗೆ ಕರೆ ಮಾಡಿದಾಗ ಆ ಮಾತು ನಿಮ್ಮ ಕಿವಿಗೆ ಮಾತ್ರ ಬೀಳಲು ಅಷ್ಟು ಸಾಕು.